ಮೂಲೆಯಲ್ಲಿಟ್ಟ ರಂಗ: ಲಂಡನ್ನಿನ ನ್ಯಾಷನಲ್ ಥಿಯೇಟರ್ ಕಟ್ಟಡ ಹೀಗೇಕಿದೆ?

ಲಂಡನ್ನಿನ ವಾಟರ್‌ಲೂ ಸೇತುವೆಯ ಮೇಲಿಂದ ಥೇಮ್ಸ್ ನದಿಯ ದಕ್ಷಿಣ ದಡದ ಕಡೆ ನೋಡಿದರೆ ಬೂದು ಬಣ್ಣದ ದೊಡ್ಡದೊಂದು ಕಾಂಕ್ರೀಟ್ ಕಟ್ಟಡ ಕಾಣುತ್ತದೆ. ಅದು ಬ್ರಿಟನ್ನಿನ ನ್ಯಾಷನಲ್ ಥಿಯೇಟರ್. ಒಂದರ ಮೇಲೊಂದು ಚಾಚಿಕೊಂಡ ಉದ್ದನೆಯ ಜಗಲಿಗಳು. ಅವುಗಳ ಮೇಲೆ ಕಿಟಕಿಯೇ ಇಲ್ಲದ ಎರಡು ಗೋಪುರಗಳು. ಒಂದು ಗೋಪುರ ನೆಟ್ಟಗೆ ನದಿಗೆ ಸಮಾನಾಂತರವಾಗಿ ನಿಂತಿದೆ. ಇನ್ನೊಂದು 45 ಡಿಗ್ರಿ ತಿರುಗಿಕೊಂಡು, ತನ್ನ ಒಂದು ಮೂಲೆಯನ್ನು ಮುಂದೆ ಮಾಡಿ ನಿಂತಿದೆ.

ಆ ಎರಡನೆಯ ಗೋಪುರ ಯಾಕೆ ತಿರುಗಿದೆ ಅಂತ ತಿಳಿದುಕೊಂಡರೆ ಇಡೀ ಕಟ್ಟಡ ಅರ್ಥವಾಗುತ್ತದೆ. ನೋಡೋಕೆ ಚೆನ್ನಾಗಿರಲಿ ಅಂತ ಸುಮ್ನೆ ತಿರುಗಿಸಿದ್ದಲ್ಲ ಅದು. ನಾಟಕ ಆಡುವವರು ಎಲ್ಲಿ ನಿಲ್ಲಬೇಕು, ನೋಡುವವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆಯನ್ನು ಕೆಲವರು ವರ್ಷಗಟ್ಟಲೆ ಕೂತು ಚರ್ಚಿಸಿದರು. ಅದರಿಂದ ಬಂದ ಉತ್ತರ ಹೊರಗೆ ಹಾಗೆ ಕಾಣುತ್ತಿದೆ. ಈ ಕಟ್ಟಡದ ಬಗ್ಗೆ ನಡೆದ ಜಗಳವೆಲ್ಲ ಹೊರಗಿನ ಕಾಂಕ್ರೀಟಿನ ಬಗ್ಗೆಯೇ. ಆದರೆ ಇದನ್ನು ಒಳಗಿನಿಂದ ಹೊರಕ್ಕೆ ನೋಡಬೇಕು.

ಮೊದಲು ಸ್ವಲ್ಪ ಇತಿಹಾಸ. ಇಂಗ್ಲೆಂಡಿಗೆ ಒಂದು ರಾಷ್ಟ್ರೀಯ ರಂಗಮಂದಿರ ಬೇಕು ಎಂದು ಎಫಿಂಗ್‌ಹ್ಯಾಮ್ ವಿಲ್ಸನ್ ಎಂಬ ಪ್ರಕಾಶಕ ಬರೆದದ್ದು 1848ರಲ್ಲಿ. ಸಂಸತ್ತು ಅದಕ್ಕೊಂದು ಕಾಯ್ದೆ ಮಾಡಿದ್ದು 1949ರಲ್ಲಿ. 1951ರಲ್ಲಿ ಅಡಿಗಲ್ಲೂ ಬಿತ್ತು, ಆದರೆ ಕಟ್ಟಡ ಅಲ್ಲಿ ಏಳಲಿಲ್ಲ. ಜಾಗ ಮತ್ತೆ ಮತ್ತೆ ಬದಲಾಯಿತು. ಕೊನೆಗೆ 1963ರಲ್ಲಿ, ನಟ ಲಾರೆನ್ಸ್ ಒಲಿವಿಯರ್ ಮುಂದಾಳತ್ವದಲ್ಲಿ, ಓಲ್ಡ್ ವಿಕ್ ಎಂಬ ಹಳೆಯ ರಂಗಮಂದಿರದಲ್ಲಿ ತಂಡ ನಾಟಕ ಶುರುಮಾಡಿತು. ಅಂದರೆ ತಂಡ ಮೊದಲು, ಮನೆ ಆಮೇಲೆ. ಅದೇ ವರ್ಷ ಮನೆ ಕಟ್ಟುವ ಕೆಲಸ ವಾಸ್ತುಶಿಲ್ಪಿ ಡೆನಿಸ್ ಲಾಸ್ಡನ್ ಕೈಗೆ ಬಂತು.

ಲಾಸ್ಡನ್ ಅದುವರೆಗೆ ಒಂದೂ ರಂಗಮಂದಿರ ಕಟ್ಟಿರಲಿಲ್ಲ. ನನ್ನ ಪ್ರಕಾರ ಅದು ಒಳ್ಳೆಯದೇ ಆಯಿತು. ರಂಗಮಂದಿರ ಅಂದರೆ ಹೀಗೇ ಇರಬೇಕು ಎಂಬ ಹಟ ಅವರಿಗೆ ಇರಲಿಲ್ಲ. ಎದುರಿಗೆ ಕೂತ ಸಮಿತಿಯಲ್ಲಿ ಒಲಿವಿಯರ್, ನಾಟಕ ನಿರ್ದೇಶಕರಾದ ಪೀಟರ್ ಹಾಲ್, ಪೀಟರ್ ಬ್ರೂಕ್ ತರಹದ ಘಟಾನುಘಟಿಗಳಿದ್ದರು. ಅವರ ವಾದಗಳನ್ನು ಕೇಳುತ್ತಾ, ಒಂದರ ಹಿಂದೊಂದು ಮಾದರಿ ಮಾಡಿ ತೋರಿಸುತ್ತಾ ಲಾಸ್ಡನ್ ಕೆಲಸ ಕಲಿತರು.

ಸಮಿತಿಯ ದೊಡ್ಡ ವಾದ ಯಾವುದು ಅಂದರೆ, ರಂಗಕ್ಕೆ ಚೌಕಟ್ಟು ಬೇಕೋ ಬೇಡವೋ ಅನ್ನುವುದು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡಿದವರಿಗೆ ಚೌಕಟ್ಟಿನ ರಂಗ ಗೊತ್ತೇ ಇರುತ್ತದೆ. ಎದುರಿಗೆ ಒಂದು ದೊಡ್ಡ ಬಾಗಿಲಿನ ತರಹದ ತೆರಪು, ಅದಕ್ಕೆ ಪರದೆ. ನಟರು ಅದರಾಚೆ, ನಾವು ಈಚೆ. ಇದಕ್ಕೆ ಪ್ರೊಸೀನಿಯಂ ಅನ್ನುತ್ತಾರೆ. ಸೆಟ್ ಬದಲಿಸೋಕೆ, ಬೆಳಕಿನ ದೀಪಗಳನ್ನು ಮರೆಮಾಡೋಕೆ, ಕಣ್ಣಿಗೆ ಮಾಯೆ ಕಟ್ಟೋಕೆ ಇದು ಬಹಳ ಅನುಕೂಲ. ತೊಂದರೆ ಏನೆಂದರೆ ನಟ ಮತ್ತು ಪ್ರೇಕ್ಷಕ ಬೇರೆ ಬೇರೆ ಕೋಣೆಗಳಲ್ಲಿ ಇದ್ದ ಹಾಗೆ ಆಗುತ್ತದೆ. 1950–60ರ ದಶಕಗಳಲ್ಲಿ ಯುರೋಪಿನ ಅನೇಕ ನಿರ್ದೇಶಕರಿಗೆ ಇದು ಬೇಸರ ತಂದಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿರಬೇಕು, ನಡುವೆ ಚೌಕಟ್ಟು ಇರಬಾರದು ಎಂದು ಅವರು ಕೇಳುತ್ತಿದ್ದರು.

ಒಂದೇ ಸಭಾಂಗಣ ಕಟ್ಟಿ, ಬೇಕಾದಾಗ ಚೌಕಟ್ಟು, ಬೇಡವಾದಾಗ ಬಯಲು (ಅಂದರೆ ಚೌಕಟ್ಟಿಲ್ಲದ ರಂಗ) ಅಂತ ಮಾಡಬಹುದಲ್ವಾ? ಸಮಿತಿ ಅದನ್ನೂ ಯೋಚಿಸಿತು. ಆದರೆ ಎಲ್ಲಕ್ಕೂ ಹೊಂದುವ ಕೋಣೆ ಕೊನೆಗೆ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಚೌಕಟ್ಟಿನ ರಂಗಕ್ಕೆ ಕುರ್ಚಿಗಳು ನೇರವಾಗಿ ಎದುರಿಗಿರಬೇಕು. ಬಯಲು ರಂಗಕ್ಕೆ ಅವು ಸುತ್ತುವರಿಯಬೇಕು. ಒಂದಕ್ಕೆ ಒಳ್ಳೆಯ ಕುರ್ಚಿ ಇನ್ನೊಂದಕ್ಕೆ ಕೆಟ್ಟ ಕುರ್ಚಿ. ಹಾಗಾಗಿ ಎರಡು ಬೇರೆ ಸಭಾಂಗಣಗಳನ್ನೇ ಕಟ್ಟುವುದು ಅಂತ ತೀರ್ಮಾನವಾಯಿತು. ಜೊತೆಗೆ ಪ್ರಯೋಗಗಳಿಗೆ ಅಂತ ಮೂರನೆಯದೊಂದು ಚಿಕ್ಕದು.

ಬಯಲು ರಂಗದ ದೊಡ್ಡ ಸಭಾಂಗಣಕ್ಕೆ ಆಮೇಲೆ ಒಲಿವಿಯರ್ ಹೆಸರು ಬಂತು. ನಿಜವಾದ ಕಷ್ಟ ಇದ್ದದ್ದು ಅದರಲ್ಲಿ. ಸಾವಿರಕ್ಕೂ ಜಾಸ್ತಿ ಜನ ಕೂರಬೇಕು. ಆದರೂ ಯಾರೂ ದೂರ ಅನ್ನಿಸಬಾರದು.

ಇಂಥದ್ದಕ್ಕೆ ಎಲ್ಲರೂ ಮೊದಲು ನೋಡುವುದು ಪ್ರಾಚೀನ ಗ್ರೀಸಿನ ಎಪಿಡಾರಸ್ ಬಯಲು ರಂಗಮಂದಿರವನ್ನು. ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಮೆಟ್ಟಿಲುಗಳು, ಕೆಳಗೆ ದುಂಡಗಿನ ಅಂಗಳ. ಲಾಸ್ಡನ್‌ಗೂ ಅದೇ ಸ್ಫೂರ್ತಿ. ಆದರೆ ಎಪಿಡಾರಸ್‌ನಲ್ಲಿ ಪ್ರೇಕ್ಷಕರು ಅರ್ಧವೃತ್ತಕ್ಕಿಂತ ಹೆಚ್ಚು ಸುತ್ತಿಕೊಂಡಿರುತ್ತಾರೆ. ನಟ ಎಲ್ಲರಿಗೂ ಮುಖ ತೋರಿಸಬೇಕಾದರೆ ತಿರುಗುತ್ತಲೇ ಇರಬೇಕು. ಯಾರ ಕಡೆ ತಿರುಗಿದರೂ ಮತ್ತೊಬ್ಬರಿಗೆ ಬೆನ್ನು.

ಲಾಸ್ಡನ್‌ಗೆ ಕೊನೆಗೆ ಹೊಳೆದ ಉಪಾಯ ಬಹಳ ಸರಳ. ಒಂದು ಚೌಕ ಕೋಣೆ ತೆಗೆದುಕೊಳ್ಳಿ. ರಂಗವನ್ನು ಒಂದು ಗೋಡೆಗೆ ಅಂಟಿಸಬೇಡಿ, ನಡುವೆಯೂ ಇಡಬೇಡಿ. ಒಂದು ಮೂಲೆಯಲ್ಲಿ ಇಡಿ.

ಈಗ ಏನಾಗುತ್ತದೆ ನೋಡಿ. ನಟನ ಬೆನ್ನ ಹಿಂದೆ ಎರಡು ಗೋಡೆಗಳು ಬಂದು ಕೂಡುತ್ತವೆ. ಹಿಂದೆ ಯಾರೂ ಇಲ್ಲ. ಮುಂದೆ ಇಡೀ ಕೋಣೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಒಲಿವಿಯರ್ ಸಭಾಂಗಣದ ಬೀಸಣಿಗೆ ಕೋಣೆಯ ಮೂಲೆಗಿಂತ ಸ್ವಲ್ಪ ಅಗಲ, ಸುಮಾರು 120 ಡಿಗ್ರಿ. ರಂಗದ ನಡುವೆ ನಿಂತ ನಟನ ಕಣ್ಣಳತೆಗೆ ಸಿಗುವಷ್ಟೇ ಅಗಲ ಅದು. ಎಡ ತುದಿಯ ಕುರ್ಚಿಯಿಂದ ಬಲ ತುದಿಯ ಕುರ್ಚಿಯವರೆಗೆ ಎಲ್ಲರೂ ಅವನ ನೋಟದೊಳಗೆ. ಪ್ರೇಕ್ಷಕರಿಗೂ ಪಕ್ಕದ ಸಾಲುಗಳಲ್ಲಿ ಕೂತವರ ಮುಖ ಕಾಣುತ್ತದೆ. ಎದುರು ಬದಿಯವರು ನಕ್ಕರೆ ನಮಗೂ ನಗು ಹತ್ತುತ್ತದೆ. ಸಿನಿಮಾ ಮಂದಿರದಲ್ಲಿ ಇದು ಆಗುವುದಿಲ್ಲ, ಅಲ್ಲಿ ಮುಂದಿನವರ ತಲೆ ಮಾತ್ರ ಕಾಣುತ್ತದೆ.

ಚೌಕದ ಮೂಲೆಯಿಂದ ಹೊರಟರೆ ಕೋಣೆಯ ನಡುಗೆರೆ ಯಾವುದು? ಮೂಲೆಯಿಂದ ಮೂಲೆಗೆ ಹೋಗುವ ಕರ್ಣ. ಅಂದರೆ ಗೋಡೆಗಳಿಗೆ 45 ಡಿಗ್ರಿ. ರಂಗ ಆ ಗೆರೆಯ ಮೇಲೆ ಕೂತಿತು. ರಂಗದ ನೆತ್ತಿಯ ಮೇಲಿನ ಗೋಪುರವೂ ಅದೇ ದಿಕ್ಕಿಗೆ ತಿರುಗಿತು. ಸೇತುವೆಯ ಮೇಲಿಂದ ಓರೆಯಾಗಿ ಕಾಣುವುದು ಅದೇ.

ಗೋಪುರದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದಕ್ಕೆ ಫ್ಲೈ ಟವರ್ ಅನ್ನುತ್ತಾರೆ. ಒಂದು ದೃಶ್ಯ ಮುಗಿದ ತಕ್ಷಣ ಪರದೆ, ಮರ, ಗೋಡೆ ಎಲ್ಲವನ್ನೂ ಹಗ್ಗಗಳಲ್ಲಿ ಮೇಲಕ್ಕೆಳೆದು ಕಣ್ಮರೆ ಮಾಡುವ ಜಾಗ. ರಂಗದ ಮೇಲೆ ಕಾಣುವ ಎತ್ತರಕ್ಕಿಂತ ಜಾಸ್ತಿ ಎತ್ತರದ ಖಾಲಿ ಜಾಗ ಮೇಲೆ ಬೇಕು. ಇಲ್ಲದಿದ್ದರೆ ಎತ್ತಿದ ಸಾಮಾನು ಕೆಳಗಿನಿಂದ ಇಣುಕುತ್ತದೆ. ಬೆಳಕು ಒಳಗೆ ಬರಬಾರದು, ಅದಕ್ಕೇ ಕಿಟಕಿ ಇಲ್ಲ. ಬಹಳ ರಂಗಮಂದಿರಗಳು ಈ ಪೆಟ್ಟಿಗೆಯನ್ನು ಅಲಂಕಾರದ ಮುಂಭಾಗದ ಹಿಂದೆ ಬಚ್ಚಿಡುತ್ತವೆ. ಲಾಸ್ಡನ್ ಬಚ್ಚಿಡಲಿಲ್ಲ. ಅವನ್ನೇ ಕಟ್ಟಡದ ಮುಖ್ಯ ಆಕಾರ ಮಾಡಿದರು.

ಒಮ್ಮೆ ಹುಟ್ಟಿದ ಆ 45 ಡಿಗ್ರಿ ಅಲ್ಲಿಗೇ ನಿಲ್ಲಲಿಲ್ಲ. ಸೇತುವೆಯ ಕಡೆಯ ಮೂಲೆಯಲ್ಲಿ ಓರೆಯಾಗಿ ಮುಖ್ಯ ಬಾಗಿಲು ಬಂತು. ಒಳಗೆ ಹೋಗಿ ತಲೆ ಎತ್ತಿದರೆ ಚಾವಣಿಯಲ್ಲೂ ಅದೇ. ಕಾಂಕ್ರೀಟಿನ ತೊಲೆಗಳು ಓರೆ ಓರೆಯಾಗಿ ಒಂದನ್ನೊಂದು ದಾಟಿ ಆಳವಾದ ಗುಳಿಗಳ ಜಾಲ ಮಾಡಿವೆ. ಇದು ಅಂಟಿಸಿದ ಅಲಂಕಾರ ಅಲ್ಲ, ಮೇಲಿನ ಅಂತಸ್ತನ್ನು ಹೊತ್ತಿರುವುದೇ ಈ ಜಾಲ. ತೊಲೆಗಳು ಎರಡೂ ದಿಕ್ಕಿಗೆ ಭಾರ ಹಂಚುವುದರಿಂದ ಕಂಬಗಳ ಸಂಖ್ಯೆ ಕಡಿಮೆಯಾಗುತ್ತದೆ, ಜಗಲಿಗಳು ದೂರಕ್ಕೆ ಚಾಚಬಹುದು. ದೀಪಗಳು ಆ ಗುಳಿಗಳೊಳಗೆ ಕೂತಿವೆ. ಒಂದೇ ಚಾವಣಿ ಭಾರ ಹೊರುತ್ತದೆ, ಬೆಳಕು ಕೊಡುತ್ತದೆ, ದೊಡ್ಡ ಸಭಾಂಗಣ ಯಾವ ಕಡೆಗಿದೆ ಅಂತ ದಿಕ್ಕೂ ತೋರಿಸುತ್ತದೆ. ಈ ಕಟ್ಟಡದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು.

ಈಗ ಗೋಡೆಗಳ ವಿಷಯ. ಮನೆ ಕಟ್ಟಿಸಿದವರಿಗೆ ಸೆಂಟ್ರಿಂಗ್ ಕೆಲಸ ಗೊತ್ತಿರುತ್ತದೆ. ಹಲಗೆ ಕಟ್ಟಿ, ಕಂಬಿ ಹಾಕಿ, ಕಾಂಕ್ರೀಟ್ ಸುರಿದು, ಗಟ್ಟಿಯಾದ ಮೇಲೆ ಹಲಗೆ ಬಿಚ್ಚುತ್ತಾರೆ. ಹಲಗೆಯ ಗುರುತು ಉಳಿದಿದ್ದರೆ ಅದು ಕಾಣದ ಹಾಗೆ ಗಾರೆ ಮಾಡಿ ಬಣ್ಣ ಬಳಿಯುತ್ತಾರೆ. ನ್ಯಾಷನಲ್ ಥಿಯೇಟರಿನಲ್ಲಿ ಗಾರೆಯೂ ಇಲ್ಲ, ಬಣ್ಣವೂ ಇಲ್ಲ. ಡಗ್ಲಸ್ ಫರ್ ಎಂಬ ಮರದ, ನುಣುಪು ಮಾಡದ ಒರಟು ಹಲಗೆಗಳನ್ನು ಆರಿಸಿ ಸೆಂಟ್ರಿಂಗ್ ಕಟ್ಟಿದರು. ಹಲಗೆ ಬಿಚ್ಚಿದಾಗ ಏನು ಮೂಡಿತೋ ಅದೇ ಗೋಡೆಯ ಮೈ.

ಹತ್ತಿರ ಹೋಗಿ ನೋಡಿದರೆ ಬೆರಳಗಲದೊಳಗೆ ಎಷ್ಟೋ ಕಾಣುತ್ತದೆ. ಮರದ ಎಳೆಗಳು ಸಾಲು ಸಾಲಾಗಿ ಅಚ್ಚಾಗಿವೆ. ಗಂಟು ಇದ್ದ ಕಡೆ ಗಂಟಿನ ಸುಳಿ ಮೂಡಿದೆ. ಎರಡು ಹಲಗೆ ಕೂಡಿದ ಸಂದಿಯಲ್ಲಿ ಸಿಮೆಂಟಿನ ಹಾಲು ಒಸರಿ, ಒಣಗಿ, ತೆಳ್ಳನೆಯ ಏಣು ಎದ್ದಿದೆ. ಗೋಡೆ ಮುಟ್ಟಿದರೆ ಕೈಗೆ ಕಲ್ಲಿನ ತಣ್ಣಗೆ, ಕಣ್ಣಿಗೆ ಮರ. ಓರೆ ಬೆಳಕು ಬಿದ್ದಾಗ ಪ್ರತಿ ಎಳೆಗೂ ಒಂದು ನೆರಳು. ದೂರದಿಂದ ಬೋಳು ಬೂದು ಅನ್ನಿಸಿದ್ದು ಹತ್ತಿರದಲ್ಲಿ ಹಾಗಿಲ್ಲ.

ಇದು ಅಗ್ಗದ ದಾರಿ ಅಂದುಕೊಳ್ಳಬೇಡಿ. ಗಾರೆ ಮಾಡುವ ಗೋಡೆಯಲ್ಲಿ ಸೊಟ್ಟ ಬಂದರೆ ಮುಚ್ಚಬಹುದು, ವೈರ್ ಮರೆತರೆ ಕೊರೆದು ಹಾಕಬಹುದು. ಇಲ್ಲಿ ಹಾಗಿಲ್ಲ. ಸ್ವಿಚ್ಚು ಎಲ್ಲಿ, ಪೈಪು ಎಲ್ಲಿ ಅನ್ನುವುದು ಕಾಂಕ್ರೀಟ್ ಸುರಿಯುವ ಮೊದಲೇ ಗೊತ್ತಿರಬೇಕು. ಹಲಗೆ ಬಿಚ್ಚಿದ ಮೇಲೆ ತಿದ್ದಲು ಅವಕಾಶ ಇಲ್ಲ. ಬಡಗಿಗಳ ಕೈಚಳಕ ಗೋಡೆಯ ಮೇಲೆ ಹಾಗೇ ಉಳಿದಿದೆ, ಮರ ಮಾತ್ರ ಹೊರಟುಹೋಗಿದೆ.

ಒಳಾಂಗಣದಲ್ಲಿ ಬೇರೆ ಅಲಂಕಾರ ಹೆಚ್ಚಿಲ್ಲ. ಹಳೆಯ ಲಂಡನ್ ರಂಗಮಂದಿರಗಳಲ್ಲಿ ಚಿನ್ನದ ಬಣ್ಣ, ಕೆಂಪು ಮಖಮಲ್ಲು, ಗಾಜಿನ ತೂಗುದೀಪ, ಗೋಡೆ ತುಂಬಾ ಬೊಂಬೆಗಳು. ಇಲ್ಲಿ ಕಾಂಕ್ರೀಟ್, ಕಾರ್ಪೆಟ್, ಗಾಜು, ಇಷ್ಟೇ. ಒಲಿವಿಯರ್ ಸಭಾಂಗಣದ ಕುರ್ಚಿಗಳು ನೇರಳೆ ಛಾಯೆಯವು. ಉಳಿದ ಬಣ್ಣ ಬರಬೇಕಾದ್ದು ಜನರಿಂದ, ಅವರ ಬಟ್ಟೆಗಳಿಂದ, ರಂಗದ ಮೇಲೆ ನಡೆಯುವ ನಾಟಕದಿಂದ. ಸಂಜೆ ಹೊತ್ತು ಮೂರು ಸಭಾಂಗಣಗಳ ಪ್ರೇಕ್ಷಕರು ಒಟ್ಟಿಗೆ ಮೆಟ್ಟಿಲು ಹತ್ತಿಳಿಯುವಾಗ ಈ ಲೆಕ್ಕಾಚಾರ ಸರಿ ಅನ್ನಿಸುತ್ತದೆ. ಖಾಲಿ ಇದ್ದಾಗ ಕಟ್ಟಡ ಮಂಕಾಗುತ್ತದೆ ಅನ್ನುವುದೂ ನಿಜವೇ.

ಸಭಾಂಗಣಗಳ ಹೊರಗೆ ಪ್ರೇಕ್ಷಕರು ಓಡಾಡುವ ಈ ಮೊಗಸಾಲೆಗಳನ್ನು ಲಾಸ್ಡನ್ ನಾಲ್ಕನೆಯ ರಂಗಮಂದಿರ ಅಂತಲೇ ಎಣಿಸುತ್ತಿದ್ದರು. ಅವು ಟಿಕೆಟ್ ಹರಿದು ಒಳಗೆ ಬಿಡುವ ಓಣಿಗಳಲ್ಲ. ಅಂತಸ್ತಿನ ಮೇಲೆ ಅಂತಸ್ತು ಹರಡಿಕೊಂಡ ಅಂಗಳಗಳು. ಒಂದರಿಂದ ಇನ್ನೊಂದು ಕಾಣುತ್ತದೆ, ಗಾಜಿನಾಚೆ ಜಗಲಿ, ಜಗಲಿಯಾಚೆ ನದಿ. ಹೊರಗಿನ ಜಗಲಿಗಳೂ ಒಳಗಿನ ಅಂತಸ್ತುಗಳೂ ಒಂದೇ ಮಟ್ಟದಲ್ಲಿ ಹರಿಯುತ್ತವೆ. ಹಾಗಾಗಿ ಎಲ್ಲಿ ಊರು ಮುಗಿದು ಎಲ್ಲಿ ರಂಗಮಂದಿರ ಶುರುವಾಯಿತು ಅಂತ ಗೆರೆ ಎಳೆಯುವುದು ಕಷ್ಟ. ಟಿಕೆಟ್ ಇಲ್ಲದವರೂ ಬಂದು ಕೂರಬಹುದು. ನಾಟಕ ನೋಡುವವರಿಗಷ್ಟೇ ಕಟ್ಟಡ ಅಲ್ಲ ಎಂಬ ಈ ನಿಲುವು 1960ರ ದಶಕದಲ್ಲಿ ಸಣ್ಣ ಮಾತಲ್ಲ.

ಉಳಿದ ಎರಡು ಸಭಾಂಗಣಗಳ ಬಗ್ಗೆ. ಲಿಟಲ್ಟನ್ ಚೌಕಟ್ಟಿನ ರಂಗ, ಸುಮಾರು 890 ಕುರ್ಚಿ. ಕೆಳಗೊಂದು, ಮೇಲೊಂದು, ಎರಡೇ ಹಂತ. ಚೌಕಟ್ಟಿನ ಅಗಲ ಮತ್ತು ಎತ್ತರವನ್ನು ನಾಟಕಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು. ರಂಗದ ಬದಿಯಲ್ಲೂ ಹಿಂದೆಯೂ ಧಾರಾಳ ಜಾಗ ಇರುವುದರಿಂದ ಒಂದು ಇಡೀ ಸೆಟ್ಟನ್ನು ಪಕ್ಕಕ್ಕೆ ತಳ್ಳಿ ಇನ್ನೊಂದನ್ನು ತರಬಹುದು. ನೆಟ್ಟಗೆ ನಿಂತಿರುವ ಗೋಪುರ ಇದರದ್ದು.

ಮೂರನೆಯದರ ಕಥೆ ಬೇರೆ. ದುಡ್ಡು ಸಾಲದೆ ಆ ಚಿಕ್ಕ ಸಭಾಂಗಣವನ್ನು ಕೈಬಿಡುವ ಹಂತವೂ ಬಂದಿತ್ತು. ಲಾಸ್ಡನ್ ಕಟ್ಟಡದೊಳಗೆ ಬಿಟ್ಟ ಖಾಲಿ ಜಾಗದಲ್ಲಿ ಇಯಾನ್ ಮ್ಯಾಕಿಂಟಾಷ್ ಎಂಬ ರಂಗತಜ್ಞ ಅದನ್ನು ವಿನ್ಯಾಸ ಮಾಡಿದರು. ಆಯತಾಕಾರದ ಅಂಕಣ, ಮೂರೂ ಬದಿಗೆ ಒಂದರ ಮೇಲೊಂದು ತೆಳ್ಳನೆಯ ಉಪ್ಪರಿಗೆ. ನಡುವಿನ ನೆಲದ ಕುರ್ಚಿ ತೆಗೆದು ಜನರನ್ನು ನಿಲ್ಲಿಸಬಹುದು, ಅಲ್ಲೇ ನಾಟಕ ಆಡಬಹುದು. ಹಳೆಯ ಇಂಗ್ಲಿಷ್ ರಂಗಮಂದಿರಗಳ ಅಂಗಳದ ಲೆಕ್ಕ ಇದು. ಕಾಟ್ಸ್ಲೋ ಎಂಬ ಹೆಸರಲ್ಲಿ 1977ರಲ್ಲಿ ಶುರುವಾಯಿತು. 2014ರಲ್ಲಿ ನವೀಕರಣವಾಗಿ ಡಾರ್ಫ್‌ಮನ್ ಆಯಿತು. ಕೈಬಿಡಬೇಕೆಂದಿದ್ದ ಈ ಕೋಣೆ ನಟರಿಗೂ ನಿರ್ದೇಶಕರಿಗೂ ಅಚ್ಚುಮೆಚ್ಚಾಯಿತು. ಹತ್ತಿರ ಇರುವುದಕ್ಕಿಂತ ದೊಡ್ಡ ಅನುಕೂಲ ರಂಗಭೂಮಿಯಲ್ಲಿ ಇನ್ನೊಂದಿಲ್ಲ, ಅಲ್ವಾ?

ಒಲಿವಿಯರ್ ಸಭಾಂಗಣದ ಕುಂದೂ ಇಲ್ಲೇ ಗೊತ್ತಾಗುತ್ತದೆ. ಅದು ದೊಡ್ಡದು. ಮೆಲ್ಲಗೆ ಮಾತಾಡುವ, ಇಬ್ಬರೇ ಪಾತ್ರಧಾರಿಗಳ ನಾಟಕ ಅಲ್ಲಿ ಕಳೆದುಹೋಗುತ್ತದೆ. ದನಿ ಗಟ್ಟಿಯಿಲ್ಲದ ನಟ ಅಲ್ಲಿ ಒದ್ದಾಡುತ್ತಾನೆ. ದೊಡ್ಡ ಕಥೆ, ದೊಡ್ಡ ಗುಂಪು, ನೇರವಾಗಿ ಪ್ರೇಕ್ಷಕರಿಗೇ ಆಡುವ ಮಾತು ಇದ್ದರೆ ಮಾತ್ರ ಆ ಬೀಸಣಿಗೆ ಜೀವ ತುಂಬಿಕೊಳ್ಳುತ್ತದೆ. ಗ್ರೀಕ್ ಮಾದರಿಯ ಕೋಣೆ ಗ್ರೀಕ್ ಅಳತೆಯ ನಾಟಕವನ್ನೇ ಕೇಳುತ್ತದೆ.

ಚೌಕಟ್ಟಿಲ್ಲದ ರಂಗದಲ್ಲಿ ಸೆಟ್ ಬದಲಿಸುವುದೂ ಕಷ್ಟ. ಈ ತಂಡ ಒಂದೇ ವಾರದಲ್ಲಿ ಬೇರೆ ಬೇರೆ ನಾಟಕಗಳನ್ನು ಸರದಿಯಲ್ಲಿ ಆಡುವ ಪದ್ಧತಿಗೆಂದೇ ಕಟ್ಟಡ ಯೋಜಿಸಿತ್ತು. ಇವತ್ತಿನ ಸೆಟ್ ಬಿಚ್ಚಿ ನಾಳೆಯದನ್ನು ಕಟ್ಟಬೇಕು. ಅದಕ್ಕಾಗಿ ಒಲಿವಿಯರ್ ರಂಗದ ಕೆಳಗೆ ಐದು ಅಂತಸ್ತು ಆಳದ ಒಂದು ಉಕ್ಕಿನ ಡ್ರಮ್ ಕೂರಿಸಿದರು. ಡ್ರಮ್ ಇಡಿಯಾಗಿ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಲಿಫ್ಟ್‌ಗಳು. ಒಂದು ಅರ್ಧ ಮೇಲೆ ರಂಗವಾಗಿದ್ದಾಗ ಇನ್ನೊಂದು ಅರ್ಧ ಕೆಳಗೆ ಮುಂದಿನ ದೃಶ್ಯ ಹೊತ್ತು ಕಾಯುತ್ತದೆ. ಮೇಲಿನದು ಇಳಿದು, ಕೆಳಗಿನದು ತಿರುಗುತ್ತಾ ಏಳುತ್ತದೆ. ಪ್ರೇಕ್ಷಕರ ಕಣ್ಣೆದುರೇ ನೆಲದೊಳಗಿಂದ ಒಂದು ಮನೆ ಎದ್ದು ಬರಬಹುದು. ಕಟ್ಟಡ ತೆರೆದಾಗ ಈ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅದರ ಪೂರ್ತಿ ಸಾಮರ್ಥ್ಯ ರಂಗದ ಮೇಲೆ ಕಾಣಲು 1980ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಕಟ್ಟುವ ಕೆಲಸವೂ ನಿಧಾನವೇ. 1969ರಲ್ಲಿ ಶುರುವಾದದ್ದು, ಲಿಟಲ್ಟನ್ ತೆರೆದದ್ದು 1976ರ ಮಾರ್ಚ್‌ನಲ್ಲಿ, ಒಲಿವಿಯರ್ ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಲಾರೆನ್ಸ್ ಒಲಿವಿಯರ್ ಅಧಿಕಾರ ಬಿಟ್ಟು, ಪೀಟರ್ ಹಾಲ್ ಬಂದಿದ್ದರು. ರಾಣಿ ಎಲಿಜಬೆತ್ ಕಟ್ಟಡ ಉದ್ಘಾಟಿಸಿದ ಸಂಜೆ ಒಲಿವಿಯರ್ ತಮ್ಮ ಹೆಸರಿನ ರಂಗದ ಮೇಲೆ ನಿಂತು ಸ್ವಾಗತ ಭಾಷಣ ಮಾಡಿದರು. ಆ ರಂಗದಲ್ಲಿ ಅವರು ಒಂದು ನಾಟಕವನ್ನೂ ಆಡಲಿಲ್ಲ. ಯಾರಿಗಾಗಿ ಆ ಮೂಲೆಯನ್ನು ಅಳೆದು ತೂಗಿ ಮಾಡಿದರೋ ಆ ನಟನೇ ಅಲ್ಲಿ ಪಾತ್ರವಾಗಿ ನಿಲ್ಲಲಿಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಟೀಕೆಗೆ ಬರೋಣ. 1988ರಲ್ಲಿ, ಆಗ ಯುವರಾಜರಾಗಿದ್ದ ಚಾರ್ಲ್ಸ್ ಈ ಕಟ್ಟಡವನ್ನು ಲಂಡನ್ ನಡುವೆ ಯಾರೂ ಆಕ್ಷೇಪಿಸದಂತೆ ಜಾಣತನದಿಂದ ಕಟ್ಟಿದ ಅಣುಸ್ಥಾವರಕ್ಕೆ ಹೋಲಿಸಿದರು. ಆ ಮಾತು ಇವತ್ತಿಗೂ ಕಟ್ಟಡದ ಬೆನ್ನು ಬಿಟ್ಟಿಲ್ಲ. ಆದರೆ ವಿಕ್ಟೋರಿಯನ್ ಕಾಲದ ಕಟ್ಟಡಗಳನ್ನು ಉಳಿಸಲು ಹೋರಾಡಿದ ಕವಿ ಜಾನ್ ಬೆಟ್ಜಮನ್ ಇದನ್ನು ನೋಡಿ ಖುಷಿಪಟ್ಟು ಲಾಸ್ಡನ್‌ಗೆ ಪತ್ರ ಬರೆದಿದ್ದರು. ಹಳೆಯದನ್ನು ಪ್ರೀತಿಸುವವರೆಲ್ಲ ಇದನ್ನು ದ್ವೇಷಿಸಿದರು ಅನ್ನುವುದು ಹಾಗಾಗಿ ನಿಜವಲ್ಲ. 1977ರಲ್ಲಿ ಲಾಸ್ಡನ್‌ಗೆ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆಯ ರಾಯಲ್ ಗೋಲ್ಡ್ ಮೆಡಲ್ ಸಿಕ್ಕಿತು. 1994ರಲ್ಲಿ, ಕಟ್ಟಡಕ್ಕೆ ಇಪ್ಪತ್ತು ವರ್ಷವೂ ತುಂಬುವ ಮೊದಲೇ, ಸರ್ಕಾರ ಅದನ್ನು ಗ್ರೇಡ್ ಎರಡು ಸ್ಟಾರ್ ಎಂಬ ಮೇಲಿನ ದರ್ಜೆಯ ಸಂರಕ್ಷಿತ ಪಟ್ಟಿಗೆ ಸೇರಿಸಿತು.

ಟೀಕೆಯಲ್ಲಿ ಒಪ್ಪಬೇಕಾದ್ದೂ ಇದೆ. ಲಂಡನ್ನಿನ ಮಳೆಗೆ ಕಾಂಕ್ರೀಟ್ ಕಪ್ಪಿಡುತ್ತದೆ, ಮೋಡದ ದಿನ ಇಡೀ ಕಟ್ಟಡ ಆಕಾಶದಷ್ಟೇ ಬೂದು. ನದಿಯ ಕಡೆಗೆ ಅಷ್ಟು ಚೆನ್ನಾಗಿ ತೆರೆದುಕೊಂಡ ಕಟ್ಟಡ ಹಿಂಬದಿಯ ರಸ್ತೆಗೆ ಬೆನ್ನು ತೋರಿಸಿ ನಿಂತಿತ್ತು. ಬಡಗಿಗಳು, ಚಿತ್ರಕಾರರು, ಬಟ್ಟೆ ಹೊಲಿಯುವವರು, ವಿಗ್ ಮಾಡುವವರು ಎಲ್ಲರೂ ಇದೇ ಸೂರಿನಡಿ ದುಡಿಯುತ್ತಾರೆ. ಆದರೆ ಅವರ ಕೆಲಸ ದಾರಿಹೋಕರಿಗೆ ಕಾಣುತ್ತಲೇ ಇರಲಿಲ್ಲ. ಹಾವರ್ತ್ ಟಾಂಪ್ಕಿನ್ಸ್ ಎಂಬ ವಾಸ್ತುಶಿಲ್ಪ ಸಂಸ್ಥೆ 2010ರ ದಶಕದಲ್ಲಿ ಮಾಡಿದ ನವೀಕರಣ ಈ ಎರಡನೆಯ ದೂರನ್ನು ಬಹಳಮಟ್ಟಿಗೆ ಸರಿಪಡಿಸಿತು. ಹಿಂಬದಿಗೆ ಹೊಸ ಕಟ್ಟಡ ಸೇರಿಸಿದರು. ಅದನ್ನು ಕಾಂಕ್ರೀಟಿನ ನಕಲು ಮಾಡಲು ಹೋಗಲಿಲ್ಲ, ಲೋಹ ಮತ್ತು ಗಾಜು ಬಳಸಿದರು. ಒಳಗೆ ಕಾರ್ಯಾಗಾರಗಳ ಮೇಲೆ ಎತ್ತರದಲ್ಲಿ ಸಾರ್ವಜನಿಕರಿಗೆ ಅಂತಲೇ ಒಂದು ಓಡಾಟದ ಹಾದಿ ಮಾಡಿದರು.

ಲಂಡನ್ನಿಗೆ ಹೋಗುವವರಿದ್ದರೆ ನಾಟಕದ ಟಿಕೆಟ್ ಸಿಗದಿದ್ದರೂ ಪರವಾಗಿಲ್ಲ, ಹಗಲು ಹೊತ್ತಲ್ಲಿ ಒಳಗೆ ಹೋಗಿ. ಮೊದಲು ಚಾವಣಿಯ ಓರೆ ತೊಲೆಗಳನ್ನು ನೋಡಿ, ಅವು ಯಾವ ಕಡೆ ಓಡುತ್ತಿವೆ ಗಮನಿಸಿ. ಗೋಡೆಗೆ ಕೈ ತಾಗಿಸಿ ಮರದ ಎಳೆ ಹುಡುಕಿ. ಆಮೇಲೆ ಡಾರ್ಫ್‌ಮನ್ ಮೊಗಸಾಲೆಯ ಕಡೆಯಿಂದ ಆ ಎತ್ತರದ ಹಾದಿಗೆ ಹತ್ತಿ. ಕೆಳಗೆ ಮುಂದಿನ ನಾಟಕದ ಸೆಟ್ಟಿಗೆ ಹಲಗೆ ಕೊಯ್ಯುತ್ತಿರುತ್ತಾರೆ.